ವೀಸಾ ಸಿಗದ ಎಳೆಯರ ತಂಡಗಳು: ಓದುವಾಗ ಬರೆದುಕೊಂಡ ಟಿಪ್ಪಣಿ

ಈ ವಿಷಯ ಓದಲು ಕೂತಾಗ ಮೊದಲು ಗೊಂದಲ ಮಾಡುವುದು ಎರಡು ಪದಗಳು: ಪ್ರಯಾಣ ನಿಷೇಧ ಮತ್ತು ವೀಸಾ ನಿರಾಕರಣೆ. ಸುದ್ದಿಯಲ್ಲಿ ಎರಡೂ ಒಂದೇ ಅನ್ನುವಂತೆ ಬರುತ್ತವೆ. ಒಂದೇ ಅಲ್ಲ. ನಿಷೇಧ ನೋಡುವುದು ದೇಶವನ್ನು. ಅರ್ಜಿ ಹಾಕಿದವರು ಯಾರು, ವಯಸ್ಸೆಷ್ಟು, ಯಾಕೆ ಬರುತ್ತಿದ್ದಾರೆ ಎಂದು ಕೇಳುವ ಮೊದಲೇ ಪಾಸ್‌ಪೋರ್ಟ್ ನೋಡಿ ಬಾಗಿಲು ಹಾಕುತ್ತದೆ. ನಿರಾಕರಣೆ ಹಾಗಲ್ಲ. ಅದು ಒಬ್ಬೊಬ್ಬರ ಅರ್ಜಿಯ ಮೇಲೆ ಬೀಳುವ ತೀರ್ಮಾನ. ಕಿಟಕಿಯ ಆಚೆ ಕೂತ ಅಧಿಕಾರಿಗೆ ನಂಬಿಕೆ ಬರದಿದ್ದರೆ ಅಲ್ಲಿಗೆ ಮುಗಿಯಿತು. ಇವೆರಡರ ಜೊತೆ ಮೂರನೆಯದೂ ಒಂದಿದೆ: ಟೂರ್ನಿ ನಡೆಸುವ ದೇಶವೇ ರಾಜಕೀಯ ಕಾರಣಕ್ಕೆ ಒಂದು ತಂಡವನ್ನು ಬೇಡ ಎನ್ನುವುದು. ಯಾವ ಪ್ರಕರಣ ಓದಿದರೂ ಇದು ಮೂರರಲ್ಲಿ ಯಾವುದು ಎಂದು ಮೊದಲು ಕೇಳಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಪಕ್ಕದಲ್ಲೇ ಇನ್ನೊಂದು ಮಾತು ಬರೆದುಕೊಳ್ಳಿ. ನನ್ನ ಪ್ರಕಾರ ಇಡೀ ವಿಷಯದ ತಿರುಳು ಇದೇ. ಮಕ್ಕಳ ಟೂರ್ನಿಗೆ ವಯೋಮಿತಿ ಇರುತ್ತದೆ. ದೊಡ್ಡವರ ತಂಡದ ಆಟಗಾರನಿಗೆ ಈ ಸಲ ತಪ್ಪಿದರೆ ಮುಂದಿನ ಸಲ ಅನ್ನಬಹುದು. 16 ವರ್ಷದ ಒಳಗಿನವರ ಟೂರ್ನಿಗೆ ಅರ್ಹತೆ ಪಡೆದ ಹುಡುಗನಿಗೆ ಮುಂದಿನ ವರ್ಷ ಆ ಗುಂಪಿನಲ್ಲಿ ಜಾಗವೇ ಇಲ್ಲದಿರಬಹುದು. ಹಾಗಾಗಿ ಮಕ್ಕಳ ವಿಷಯದಲ್ಲಿ ತಡವಾಗಿ ಸಿಗುವ ವೀಸಾ ಸಿಗದ ವೀಸಾಗೆ ಸಮ.

2025ರ ಎರಡು ವೆನೆಜುವೆಲಾ ತಂಡಗಳು

2025ರ ಜೂನ್ 4ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಒಂದು ಘೋಷಣೆಗೆ ಸಹಿ ಹಾಕಿದರು. ಜೂನ್ 9ರಿಂದ ಅದು ಜಾರಿಗೆ ಬಂತು. 12 ದೇಶಗಳಿಗೆ ಪೂರ್ತಿ ನಿಷೇಧ, 7 ದೇಶಗಳಿಗೆ ಭಾಗಶಃ. ಡಿಸೆಂಬರ್‌ನಲ್ಲಿ ಹೊರಬಂದ ಇನ್ನೊಂದು ಘೋಷಣೆ ಈ ಪಟ್ಟಿಯನ್ನು ಇನ್ನೂ ಉದ್ದ ಮಾಡಿತು. ಇದಕ್ಕೆ ಬಲ ಬರುವುದು 1952ರ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯ ಸೆಕ್ಷನ್ 212(ಎಫ್)ನಿಂದ. ಅದರ ಪ್ರಕಾರ ವಿದೇಶಿಯರ ಪ್ರವೇಶ ದೇಶದ ಹಿತಕ್ಕೆ ಧಕ್ಕೆ ಎಂದು ಅಧ್ಯಕ್ಷರಿಗೆ ಅನ್ನಿಸಿದರೆ ತಡೆಯಬಹುದು. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ‘ಟ್ರಂಪ್ ವಿರುದ್ಧ ಹವಾಯಿ’ ಎಂಬ ಪ್ರಕರಣದಲ್ಲಿ 5-4 ಮತಗಳಿಂದ ಇಂಥ ಅಧಿಕಾರವನ್ನು ಒಪ್ಪಿತ್ತು.

ವೆನೆಜುವೆಲಾ ಇದ್ದದ್ದು ಭಾಗಶಃ ಪಟ್ಟಿಯಲ್ಲಿ. ಈ ಪದವನ್ನು ನಂಬಬೇಡಿ. ನಿಲ್ಲಿಸಿದ್ದು ಯಾವ ವೀಸಾಗಳನ್ನು ಎಂದು ನೋಡಿ: ಬಿ-1, ಬಿ-2 (ವ್ಯವಹಾರ, ಪ್ರವಾಸ), ಎಫ್, ಎಂ (ವಿದ್ಯಾರ್ಥಿ), ಜೆ (ವಿನಿಮಯ ಕಾರ್ಯಕ್ರಮ). ಸಂಬಳವಿಲ್ಲದೆ ಆಡುವ ಹವ್ಯಾಸಿ ತಂಡಗಳು ಸಾಮಾನ್ಯವಾಗಿ ಹೋಗುವುದೇ ಬಿ ವೀಸಾದಲ್ಲಿ. ಅಂದರೆ ಮಕ್ಕಳ ತಂಡಕ್ಕೆ ಭಾಗಶಃ ಅನ್ನುವುದು ಪೂರ್ತಿಯೇ ಆಯಿತು, ಅಲ್ವಾ?

ಘೋಷಣೆಯಲ್ಲಿ ಕ್ರೀಡೆಗೆ ವಿನಾಯಿತಿಯೂ ಇದೆ. ವಿಶ್ವಕಪ್, ಒಲಿಂಪಿಕ್ಸ್ ಅಥವಾ ವಿದೇಶಾಂಗ ಸಚಿವರು ತೀರ್ಮಾನಿಸುವ ಬೇರೆ ಪ್ರಮುಖ ಕ್ರೀಡಾಕೂಟಕ್ಕೆ ಬರುವ ಆಟಗಾರರು, ಕೋಚ್‌ಗಳು, ಅಗತ್ಯ ಸಹಾಯಕರು ಮತ್ತು ಅವರ ಹತ್ತಿರದ ಬಂಧುಗಳಿಗೆ ನಿಷೇಧ ಇಲ್ಲ. ಓದುವವರು ಇಲ್ಲಿ ನಿಲ್ಲಬೇಕು. ಪ್ರಮುಖ ಅಂದರೆ ಏನು? ಮಕ್ಕಳ ಆಟ ಅದರಲ್ಲಿ ಸೇರುತ್ತದಾ?

ಇದರ ಉತ್ತರ ಒಂದೇ ಬೇಸಿಗೆಯಲ್ಲಿ ಎರಡು ಥರ ಬಂತು. ಮರಕೈಬೊ ನಗರದ ಕಾಸಿಕೆ ಮಾರಾ ತಂಡ ಮೆಕ್ಸಿಕೊದಲ್ಲಿ ಲ್ಯಾಟಿನ್ ಅಮೆರಿಕ ಚಾಂಪಿಯನ್ ಆಗಿ, ಸೀನಿಯರ್ ಲೀಗ್ ಬೇಸ್‌ಬಾಲ್ ವಿಶ್ವ ಸರಣಿಗೆ ಅರ್ಹತೆ ಪಡೆದಿತ್ತು. ಸೀನಿಯರ್ ಎಂಬ ಹೆಸರು ನೋಡಿ ದೊಡ್ಡವರು ಎಂದುಕೊಳ್ಳಬೇಡಿ, ಇದು 13ರಿಂದ 16 ವರ್ಷದವರ ಆಟ. ನಡೆಯುವುದು ಸೌತ್ ಕ್ಯಾರೊಲಿನಾದ ಈಸ್ಲಿಯಲ್ಲಿ. ಕರಾಕಸ್‌ನ ಅಮೆರಿಕ ರಾಯಭಾರ ಕಚೇರಿಯ ಕೆಲಸ 2019ರಲ್ಲೇ ನಿಂತಿದ್ದರಿಂದ ಹುಡುಗರು ಗಡಿ ದಾಟಿ ಕೊಲಂಬಿಯಾದ ಬೊಗೋಟಾಗೆ ಹೋಗಿ ಸಂದರ್ಶನ ಕೊಡಬೇಕಾಯಿತು. ವೀಸಾ ಸಿಗಲಿಲ್ಲ. ಅವರ ಜಾಗಕ್ಕೆ ಮೆಕ್ಸಿಕೊದ ಸಾಂತಾ ಮರಿಯಾ ದೆ ಅಗ್ವಾಯೊ ತಂಡ ಹೋಯಿತು. ಗೆದ್ದವರು ಮನೆಯಲ್ಲಿ, ಬದಲಿಯವರು ಮೈದಾನದಲ್ಲಿ.

ಅದೇ ವರ್ಷದ ಆಗಸ್ಟ್‌ನಲ್ಲಿ ಅದೇ ದೇಶದ ಬಾರ್ಕಿಸಿಮೆಟೊದ ಕಾರ್ಡೆನಾಲೆಸ್ ತಂಡ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಲಿಟಲ್ ಲೀಗ್ ವಿಶ್ವ ಸರಣಿ (12 ವರ್ಷದವರೆಗಿನ ಮಕ್ಕಳ ಬೇಸ್‌ಬಾಲ್) ಆಡಿತು. ದೇಶ ಅದೇ, ನಿಯಮ ಅದೇ, ಎರಡೂ ಟೂರ್ನಿ ನಡೆಸುವ ಸಂಸ್ಥೆಯೂ ಅದೇ. ವಿಲಿಯಮ್ಸ್‌ಪೋರ್ಟ್ ಪಂದ್ಯಗಳು ಟಿವಿಯಲ್ಲಿ ಅಮೆರಿಕದ ಉದ್ದಗಲಕ್ಕೂ ಹೋಗುತ್ತವೆ. ಈಸ್ಲಿಯ ಹೆಸರು ಕೇಳಿದವರು ಕಡಿಮೆ. ಟೂರ್ನಿಯ ಖ್ಯಾತಿ ನೋಡಿ ವೀಸಾ ಕೊಟ್ಟರು ಎಂದು ನಾನು ಹೇಳಲಾರೆ. ಆದರೆ ಒಂದು ಪದದ ಅರ್ಥವನ್ನು ಒಬ್ಬರ ತೀರ್ಮಾನಕ್ಕೆ ಬಿಟ್ಟರೆ ಇಂಥ ವ್ಯತ್ಯಾಸ ಬಂದೇ ಬರುತ್ತದೆ. 15 ವರ್ಷದ ಹುಡುಗನಿಗೆ ಅದನ್ನು ವಿವರಿಸುವುದು ಹೇಗೆ?

ಮಕ್ಕಳಿಂದ ಕೇಳಲಾಗದ ಸಾಕ್ಷಿ

ನಿಷೇಧವೇ ಇಲ್ಲದ ದೇಶದ ತಂಡಕ್ಕೂ ವೀಸಾ ತಪ್ಪಬಹುದು. ಇಲ್ಲಿ ಕೆಲಸ ಮಾಡುವುದು ಅದೇ ಕಾಯ್ದೆಯ ಸೆಕ್ಷನ್ 214(ಬಿ). ಪ್ರವಾಸಿ ವೀಸಾ ಕೇಳುವವರೆಲ್ಲ ಅಲ್ಲೇ ಉಳಿಯಲು ಬರುವವರು ಎಂದು ಅದು ಮೊದಲೇ ಇಟ್ಟುಕೊಳ್ಳುತ್ತದೆ. ಹಾಗಲ್ಲ ಎಂದು ತೋರಿಸುವ ಹೊಣೆ ಅರ್ಜಿದಾರರದ್ದು. ದೊಡ್ಡವರು ಕೆಲಸ, ಮನೆ, ಬ್ಯಾಂಕ್ ಖಾತೆ ತೋರಿಸುತ್ತಾರೆ. ಶಾಲೆಗೆ ಹೋಗುವ ಹುಡುಗಿ ಏನು ತೋರಿಸಬೇಕು?

2017ರಲ್ಲಿ ಭಾರತದಲ್ಲಿರುವ ಟಿಬೆಟಿಯನ್ ಯುವತಿಯರ ಫುಟ್‌ಬಾಲ್ ತಂಡ ಟೆಕ್ಸಾಸ್‌ನ ಡಲ್ಲಾಸ್ ಕಪ್‌ಗೆ ಹೊರಟಿತ್ತು. ದೆಹಲಿಯಲ್ಲಿ ವೀಸಾ ಸಿಗಲಿಲ್ಲ. ಅಮೆರಿಕಕ್ಕೆ ಹೋಗಲು ಸರಿಯಾದ ಕಾರಣ ಇಲ್ಲ ಎಂಬ ಉತ್ತರ ಬಂತು ಎಂದು ತಂಡದವರು ಹೇಳಿದರು. ಆ ವರ್ಷ ಟ್ರಂಪ್ ತಂದಿದ್ದ ಪ್ರಯಾಣ ನಿಷೇಧದ ಗದ್ದಲದಲ್ಲೇ ಇದೂ ನಡೆದಿದ್ದರಿಂದ ಹಲವರು ಎರಡನ್ನೂ ಸೇರಿಸಿಬಿಡುತ್ತಾರೆ. ನಿಷೇಧಕ್ಕೂ ಇದಕ್ಕೂ ಸಂಬಂಧ ಇಲ್ಲ. ನಿರಾಶ್ರಿತರಿಗೆ ಮರಳಲು ತಮ್ಮದೇ ದೇಶ ಇಲ್ಲದಿರುವಾಗ, ವಾಪಸ್ ಹೋಗುತ್ತೇವೆ ಎಂದು ಒಪ್ಪಿಸುವುದು ಇನ್ನೂ ಕಷ್ಟ.

214(ಬಿ) ತೀರ್ಮಾನದ ಮೇಲೆ ಮೇಲ್ಮನವಿ ಇಲ್ಲ. ಹೊಸದಾಗಿ ಅರ್ಜಿ ಹಾಕಿ ಮತ್ತೆ ಶುಲ್ಕ ಕಟ್ಟಬೇಕು. ಬಿ ವೀಸಾದ ಅರ್ಜಿ ಶುಲ್ಕ 2023ರಿಂದ 185 ಡಾಲರ್. 15 ಮಕ್ಕಳು, 3 ಕೋಚ್‌ಗಳು ಅಂದರೆ 3,330 ಡಾಲರ್. ವೀಸಾ ಸಿಗದಿದ್ದರೂ ಅದು ವಾಪಸ್ ಬರುವುದಿಲ್ಲ.

ಆತಿಥೇಯರೇ ಬೇಡ ಎಂದಾಗ

ಇಲ್ಲಿ ಮಾತ್ರ ಕ್ರೀಡಾ ಸಂಸ್ಥೆಗಳ ಕೈಯಲ್ಲಿ ಒಂದು ಅಸ್ತ್ರ ಇದೆ. ಟೂರ್ನಿಯನ್ನೇ ಕಿತ್ತುಕೊಳ್ಳಬಹುದು. 2023ರಲ್ಲಿ 20 ವರ್ಷದೊಳಗಿನವರ ಫುಟ್‌ಬಾಲ್ ವಿಶ್ವಕಪ್ ಇಂಡೋನೇಷ್ಯಾದಲ್ಲಿ ನಡೆಯಬೇಕಿತ್ತು. ಇಸ್ರೇಲ್ ತಂಡ ಬರುವುದಕ್ಕೆ ಬಾಲಿಯ ಗವರ್ನರ್ ವಿರೋಧ ಹೇಳಿದರು. ಮಾರ್ಚ್ 29ರಂದು ಫಿಫಾ ಆತಿಥ್ಯವನ್ನು ಹಿಂಪಡೆಯಿತು. ಟೂರ್ನಿ ಅರ್ಜೆಂಟೀನಾಗೆ ಹೋಯಿತು, ಇಸ್ರೇಲ್ ಹುಡುಗರು ಮೂರನೇ ಸ್ಥಾನ ಪಡೆದರು. ಸಾಮಾನ್ಯವಾಗಿ ಕಥೆ ಇಲ್ಲಿಗೆ ನಿಲ್ಲುತ್ತದೆ. ಆದರೆ ಆತಿಥೇಯರೆಂಬ ಕಾರಣಕ್ಕೇ ಜಾಗ ಪಡೆದಿದ್ದ ಇಂಡೋನೇಷ್ಯಾದ ಹುಡುಗರ ವಿಶ್ವಕಪ್ ಕೂಡ ಅದರ ಜೊತೆಗೇ ಹೋಯಿತು. ಅವರು ಯಾರನ್ನೂ ಬೇಡ ಎಂದಿರಲಿಲ್ಲ. ನನಗೆ ಈ ಪ್ರಕರಣದಲ್ಲಿ ಜಾಸ್ತಿ ಕಾಡುವುದು ಇದೇ.

2019ರ ದೆಹಲಿಯ ಪ್ರಕರಣ ದೊಡ್ಡವರದ್ದಾದರೂ ಓದಿಕೊಂಡಿರಿ. ಪುಲ್ವಾಮಾ ದಾಳಿಯ ನಂತರ ಪಾಕಿಸ್ತಾನದ ಶೂಟರ್‌ಗಳಿಗೆ ವಿಶ್ವಕಪ್‌ಗೆ ವೀಸಾ ಸಿಗಲಿಲ್ಲ. ಭಾರತದಲ್ಲಿ ಮುಂದೆ ಕೂಟಗಳನ್ನು ನಡೆಸುವ ಮಾತುಕತೆಯನ್ನೇ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ನಿಲ್ಲಿಸಿತು. ಅರ್ಹರಾದ ಎಲ್ಲರಿಗೂ ಪ್ರವೇಶ ಕೊಡುತ್ತೇವೆ ಎಂದು ಸರ್ಕಾರ ಜೂನ್‌ನಲ್ಲಿ ಲಿಖಿತ ಭರವಸೆ ಕೊಟ್ಟ ಮೇಲೆ ಅದು ತೆರವಾಯಿತು. ಬೊಗೋಟಾದ ಕಿಟಕಿಯ ಮುಂದೆ ನಿಂತ ಹುಡುಗರ ಪರವಾಗಿ ಇಂಥ ಒತ್ತಡ ಹಾಕುವವರು ಯಾರೂ ಇರಲಿಲ್ಲ.

ಉಗಾಂಡಾ, 2011

ಕೊನೆಗೆ ಹಳೆಯ ಪ್ರಕರಣ ಒಂದು. ಕಂಪಾಲಾದ ಹುಡುಗರು 2011ರಲ್ಲಿ ಲಿಟಲ್ ಲೀಗ್ ವಿಶ್ವ ಸರಣಿಗೆ ಅರ್ಹತೆ ಪಡೆದ ಮೊದಲ ಆಫ್ರಿಕನ್ ತಂಡವಾದರು. ವಯಸ್ಸಿನ ದಾಖಲೆಗಳು ತಾಳೆಯಾಗಲಿಲ್ಲ ಎಂದು ಅಮೆರಿಕ ವೀಸಾ ಕೊಡಲಿಲ್ಲ. ವಯೋಮಿತಿಯ ಆಟದಲ್ಲಿ ವಯಸ್ಸನ್ನು ಪರೀಕ್ಷಿಸಲೇಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಹುಟ್ಟಿದ ಕೂಡಲೇ ನೋಂದಣಿಯಾಗದ ಮಕ್ಕಳು ಲೋಕದಲ್ಲಿ ಕೋಟ್ಯಂತರ ಇದ್ದಾರೆ. ಅವರ ಕಾಗದದಲ್ಲಿ ಒಂದು ತಾರೀಖು, ಮನೆಯವರ ನೆನಪಿನಲ್ಲಿ ಇನ್ನೊಂದು. ಕಂಪಾಲಾ ತಂಡದ ಬದಲು ಸೌದಿ ಅರೇಬಿಯಾದ ದಹ್ರಾನ್ ತಂಡ ಆಡಿತು.

ವಿಲಿಯಮ್ಸ್‌ಪೋರ್ಟ್‌ನಲ್ಲಿ ಕಂಪಾಲಾ ಹುಡುಗರ ಎದುರು ಆಡಬೇಕಿದ್ದದ್ದು ಕೆನಡಾದ ಲ್ಯಾಂಗ್ಲಿ ತಂಡ. 2012ರ ಜನವರಿಯಲ್ಲಿ ಆ ಕೆನಡಾ ಹುಡುಗರೇ ಉಗಾಂಡಾಗೆ ಹೋಗಿ, ಬಾಕಿ ಉಳಿದಿದ್ದ ಪಂದ್ಯ ಆಡಿ ಬಂದರು. ಅದೇ ವರ್ಷದ ಆಗಸ್ಟ್‌ನಲ್ಲಿ ಉಗಾಂಡಾದ ಲುಗಾಜಿ ತಂಡಕ್ಕೆ ವೀಸಾ ಸಿಕ್ಕಿತು. ವಿಲಿಯಮ್ಸ್‌ಪೋರ್ಟ್‌ನಲ್ಲಿ ಆಡಿ, ಓರೆಗಾನ್‌ನ ಗ್ರೆಷಮ್ ತಂಡವನ್ನು 3-2ರಿಂದ ಸೋಲಿಸಿತು. 2011ರಲ್ಲೇ 12 ವರ್ಷ ಆಗಿದ್ದ ಕಂಪಾಲಾ ಹುಡುಗರು ಅಷ್ಟರಲ್ಲಿ ವಯಸ್ಸು ದಾಟಿದ್ದರು.