ಸ್ಟ್ರಾಟೊಕಾಸ್ಟರ್‌ನ ಕೊಂಬುಗಳು ಅಂದಕ್ಕೋ, ಕೆಲಸಕ್ಕೋ?

ಪ್ರಶ್ನೆ: ಫೆಂಡರ್ ಸ್ಟ್ರಾಟೊಕಾಸ್ಟರ್ ಗಿಟಾರಿಗೆ ಎರಡು ಕೊಂಬು, ಬೆನ್ನಿನಲ್ಲಿ ತಗ್ಗು ಏಕೆ? ಆ ಆಕಾರದಿಂದ ನಾದಕ್ಕೇನಾದರೂ ಲಾಭವಿದೆಯೇ?

ಉತ್ತರ: ನಾದಕ್ಕೆ ಆ ಆಕಾರದ ಹಂಗು ಬಹಳ ಕಡಿಮೆ. ಅದು ಬೇಕಾದದ್ದು ನುಡಿಸುವವರ ಮೈಗೆ. ಟೊಳ್ಳು ಗಿಟಾರಿನಲ್ಲಿ ದನಿ ತುಂಬಿಕೊಳ್ಳಲು ದೊಡ್ಡ ಹೊಟ್ಟೆ ಬೇಕು. ಗಟ್ಟಿ ಮರದ ಈ ಎಲೆಕ್ಟ್ರಿಕ್ ಗಿಟಾರಿನಲ್ಲಿ ಹಾಗಲ್ಲ. ಉಕ್ಕಿನ ತಂತಿಯ ಕಂಪನವನ್ನು ಪಿಕ್‌ಅಪ್‌ನ ಅಯಸ್ಕಾಂತ ಮತ್ತು ತಾಮ್ರದ ಸುರುಳಿ ವಿದ್ಯುತ್ತಾಗಿಸುತ್ತವೆ, ಆಂಪ್ಲಿಫೈಯರ್ ಅದನ್ನು ಹಿಗ್ಗಿಸುತ್ತದೆ. ಸ್ಪೀಕರಿನ ದನಿ ಒಡಲಿಗೆ ಮರಳಿ ಬಡಿದು ಊಳಿಡುವ ಕಾಟವೂ ಗಟ್ಟಿ ಮರದಲ್ಲಿ ಕಡಿಮೆ. ಹಾಗಾಗಿ ಮರವನ್ನು ಮೈಗೆ ಒಪ್ಪುವಂತೆ ಕೆತ್ತಬಹುದು.

ಕೆತ್ತಿಸಿದವರು ಕ್ಯಾಲಿಫೋರ್ನಿಯಾದ ಫುಲರ್ಟನ್ನಿನ ಲಿಯೊ ಫೆಂಡರ್. ರೇಡಿಯೊ ರಿಪೇರಿ ಅಂಗಡಿಯಿಂದ ಬಂದ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಕಲಾವಿದರ ದೂರುಗಳನ್ನು ಅಷ್ಟು ಶ್ರದ್ಧೆಯಿಂದ ಕೇಳಿಸಿಕೊಂಡದ್ದು ಅದರಿಂದಲೇ ಎಂದು ನನಗನ್ನಿಸುತ್ತದೆ. ಅವರ ಮೊದಲಿನ ಟೆಲಿಕಾಸ್ಟರ್ ಚಪ್ಪಟೆ ಹಲಗೆ. ಅದರ ಚೂಪು ಅಂಚು ಪಕ್ಕೆಲುಬಿಗೆ ಒತ್ತುತ್ತದೆ ಎಂದು ರೆಕ್ಸ್ ಗ್ಯಾಲಿಯನ್, ಬಿಲ್ ಕಾರ್ಸನ್ ಮುಂತಾದ ವಾದಕರು ಗೊಣಗಿದರು. 1954ರಲ್ಲಿ ಬಂದ ಸ್ಟ್ರಾಟೊಕಾಸ್ಟರ್‌ನಲ್ಲಿ ಹಿಂಬದಿಯ ತಗ್ಗು ಪಕ್ಕೆಗೆ, ಮುಂಬದಿಯ ಇಳಿಜಾರು ಬಲ ಮುಂಗೈಗೆ. ಕೊಂಬುಗಳ ರೇಖೆ ಅವರದೇ 1951ರ ಬಾಸ್ ಗಿಟಾರ್ ಆದ ಪ್ರಿಸಿಷನ್ ಬಾಸ್‌ನಲ್ಲಿಯೇ ಮೂಡಿತ್ತು. ಮೇಲಿನ ಕೊಂಬು ಉದ್ದ, ಏಕೆಂದರೆ ಹೆಗಲ ಪಟ್ಟಿ ಸಿಕ್ಕಿಸುವ ಗುಂಡಿ ಅದರ ತುದಿಯಲ್ಲಿದೆ; ಅದು ಗಿಡ್ಡವಾದರೆ ಕತ್ತಿನ ಭಾರಕ್ಕೆ ಗಿಟಾರ್ ವಾಲುತ್ತದೆ. ಕೆಳಗಿನ ಕೊಂಬಿನ ಪಕ್ಕದ ಕೊರೆತ, ಎಡಗೈ ಕತ್ತಿನ ಮೇಲೆ ಅಡ್ಡ ಕೂರಿಸಿದ ಲೋಹದ ಗೆರೆಗಳಲ್ಲಿ, ಅಂದರೆ ಫ್ರೆಟ್‌ಗಳಲ್ಲಿ, ಕೊನೆಯ ಫ್ರೆಟ್‌ಗಳವರೆಗೆ ಹೋಗಲಿ ಎಂದು.

ನನಗೆ ಅತಿ ಪ್ರಿಯವಾದ ಭಾಗ ಬಿರಡೆಗಳಿರುವ ತಲೆ. ಆರು ಬಿರಡೆಗಳೂ ಒಂದೇ ಬದಿಯಲ್ಲಿ ಸಾಲಾಗಿವೆ, ತಂತಿಗಳು ಸೊಟ್ಟಗಾಗದೆ ನೇರವಾಗಿ ಓಡುತ್ತವೆ. ಆ ತಲೆ ಹಿಂದಕ್ಕೆ ಬಾಗಿಲ್ಲ, ಆದ್ದರಿಂದ ಇಡೀ ಕತ್ತನ್ನು ತೆಳುವಾದ ಒಂದೇ ಮೇಪಲ್ ಹಲಗೆಯಿಂದ ಕತ್ತರಿಸಬಹುದು. ಆದರೆ ಬಾಗು ಇಲ್ಲದಿದ್ದರೆ ಬಿರಡೆ ದೂರವಿರುವ ಎರಡು ಸಣ್ಣ ತಂತಿಗಳು ಕತ್ತಿನ ತುದಿಯ ಕಚ್ಚುಗಳಲ್ಲಿ ಭದ್ರವಾಗಿ ಕೂರುವುದಿಲ್ಲ. ಅದಕ್ಕೆಂದೇ ಒಂದು ಪುಟ್ಟ ಲೋಹದ ಬಿಲ್ಲೆಯನ್ನು ತಿರುಪಿನಿಂದ ಬಿಗಿದು, ಆ ಎರಡು ತಂತಿಗಳನ್ನು ಕೆಳಕ್ಕೆ ಅದುಮಿದರು. ಮರದ ವೆಚ್ಚ ಉಳಿಸಿದ ಜಾಣ್ಮೆಗೆ ಈ ಬಿಲ್ಲೆಯೇ ಬೆಲೆ.

ಎಲ್ಲವೂ ಮೊದಲೇ ಯೋಚಿಸಿದ್ದಲ್ಲ. ಮೂರು ಪಿಕ್‌ಅಪ್‌ಗಳಿಗೆ ಕೊಟ್ಟದ್ದು ಮೂರು ನೆಲೆಯ ಸ್ವಿಚ್. ವಾದಕರು ಅದನ್ನು ಎರಡು ನೆಲೆಗಳ ನಡುವೆ ನಿಲ್ಲಿಸಿ, ಎರಡು ಪಿಕ್‌ಅಪ್‌ಗಳನ್ನು ಒಟ್ಟಿಗೆ ನುಡಿಸುವ ಹೊಸ ದನಿ ಕಂಡುಕೊಂಡರು. ಕಾರ್ಖಾನೆಯಿಂದಲೇ ಐದು ನೆಲೆಯ ಸ್ವಿಚ್ ಬಂದದ್ದು 1977ರಲ್ಲಿ.

ಹಳೆಯ ನಮೂನೆಯ ಸ್ಟ್ರಾಟೊಕಾಸ್ಟರ್ ಕೊಳ್ಳುವವರು ಪಿಕ್‌ಅಪ್‌ಗಳನ್ನು ಪಕ್ಕದಿಂದ ನೋಡಲಿ. ಆರು ಅಯಸ್ಕಾಂತಗಳು ಸಮ ಎತ್ತರದಲ್ಲಿಲ್ಲ. 1954ರಲ್ಲಿ ಮೂರನೆಯ ತಂತಿಯ ಮೇಲೂ ಸಣ್ಣ ತಂತಿ ಸುತ್ತಿರುತ್ತಿತ್ತು, ಅದರ ದನಿ ಕುಗ್ಗದಿರಲೆಂದು ಅಲ್ಲಿನ ಅಯಸ್ಕಾಂತವನ್ನು ಎತ್ತರಿಸಿದ್ದರು. ಇಂದು ಹೆಚ್ಚಿನವರು ಅಲ್ಲಿ ಹಾಕುವುದು ಸುತ್ತಿಲ್ಲದ ತಂತಿ. ನಿಮ್ಮ ಗಿಟಾರಿನಲ್ಲಿ ಮೂರನೆಯ ತಂತಿ ಮಾತ್ರ ಜೋರಾಗಿ ಕೇಳಿಸಿದರೆ ಕೈಯ ತಪ್ಪೆಂದುಕೊಳ್ಳಬೇಡಿ. ತಿರುಪು ಸಡಿಲಿಸಿ ಪಿಕ್‌ಅಪ್ ಅನ್ನು ತುಸು ತಗ್ಗಿಸಿ ನೋಡಿ.