ಪೇಗನ್: ಬೈಗುಳವೊಂದು ಹೆಸರಾದ ಬಗೆ

ರಷ್ಯದ ಕಾಡಿನಲ್ಲಿ ಸಿಗುವ, ತಿನ್ನಬಾರದ ಅಣಬೆಗೆ ಅಲ್ಲಿನವರು ‘ಪೊಗಾಂಕ’ ಅನ್ನುತ್ತಾರೆ. ‘ಪೊಗಾನಿ’ ಅಂದರೆ ಹೊಲಸು. ಬೇರು ಹುಡುಕುತ್ತಾ ಹೋದರೆ ಸಿಗುವುದು ಲ್ಯಾಟಿನ್ನಿನ ‘ಪಗಾನುಸ್’. ಹಳೆಯ ದೇವರುಗಳನ್ನು ಪೂಜಿಸುವವರಿಗೆ ಕ್ರೈಸ್ತರು ಅಂಟಿಸಿದ ಹೆಸರು, ಇಂಗ್ಲಿಷಿನ ‘ಪೇಗನ್’, ಹುಟ್ಟಿದ್ದೂ ಅದರಿಂದಲೇ. ಆದರೆ 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಸುಮಾರು 74,000 ಮಂದಿ ಧರ್ಮದ ಜಾಗದಲ್ಲಿ ತಾವಾಗಿಯೇ ‘ಪೇಗನ್’ ಎಂದು ಬರೆದುಕೊಂಡರು. ಹತ್ತು ವರ್ಷ ಹಿಂದೆ ಅಂಥವರು 57,000 ಇದ್ದರು. ಹೊಲಸು ಅನ್ನುವ ಪದವನ್ನು ಯಾರಾದರೂ ಸುಮ್ನೆ ಹೆಸರಾಗಿ ಇಟ್ಟುಕೊಳ್ಳುತ್ತಾರಾ?

ಮೊದಲಿಗೆ ಈ ಪದಕ್ಕೂ ದೇವರಿಗೂ ಸಂಬಂಧವೇ ಇರಲಿಲ್ಲ. ‘ಪಾಗುಸ್’ ಅಂದರೆ ಹಳ್ಳಿಗಾಡಿನ ಒಂದು ಸೀಮೆ. ನಮ್ಮ ಹೋಬಳಿ ಅಂದುಕೊಳ್ಳಿ. ಅಲ್ಲಿನವನು ಪಗಾನುಸ್. ರೋಮಿನ ಸೈನಿಕರು ಇದನ್ನು ಬೇರೆ ರೀತಿ ಬಳಸುತ್ತಿದ್ದರು. ಅವರ ಬಾಯಲ್ಲಿ ಪಗಾನುಸ್ ಅಂದರೆ ಪಡೆಗೆ ಸೇರದ ಸಾಮಾನ್ಯ ಮನುಷ್ಯ. ಇತಿಹಾಸಕಾರ ಟಾಸಿಟಸ್ ಬರಹದಲ್ಲೂ ಈ ಅರ್ಥವಿದೆ.

4ನೇ ಶತಮಾನದಲ್ಲಿ ಕ್ರೈಸ್ತರು ಹಳೆಯ ದೇವರುಗಳನ್ನು ಬಿಡದವರಿಗೆ ಈ ಹೆಸರು ಅಂಟಿಸಿದರು. ಯಾಕೆ ಅನ್ನುವುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಹೊಸ ಧರ್ಮ ಊರೂರಿಗೆ ತಡವಾಗಿ ಮುಟ್ಟಿತು, ಹಾಗಾಗಿ ಹಳ್ಳಿಯವನೇ ಪೇಗನ್ ಆದ ಅನ್ನುವುದು ಒಂದು ವಾದ. 5ನೇ ಶತಮಾನದ ಒರೋಸಿಯಸ್ ಹೇಳುವುದೂ ಇದನ್ನೇ. ಕ್ರಿಸ್ತನ ಪಡೆಗೆ ಸೇರದವನು ಅಂತ ಸೈನಿಕರ ಮಾತಿನಿಂದ ಬಂತು ಅನ್ನುವುದು ಇನ್ನೊಂದು.

ಬರೀ ಹಳ್ಳಿಯ ಕಥೆ ಸಾಕು ಅಂತ ನನಗೆ ಅನಿಸುವುದಿಲ್ಲ. ಹಳೆಯ ಪೂಜೆಗಾಗಿ ಕೊನೆಯವರೆಗೂ ಹಟ ಹಿಡಿದವರಲ್ಲಿ ರೋಮಿನ ಸಿರಿವಂತ ಸೆನೆಟರುಗಳೂ ಇದ್ದರು. ಸೆನೆಟ್ ಸಭಾಂಗಣದಿಂದ ತೆಗೆಸಿದ್ದ ವಿಜಯದೇವತೆಯ ಪೀಠವನ್ನು ಮತ್ತೆ ಇಡಿಸಿ ಎಂದು ಅವರಲ್ಲೊಬ್ಬನಾದ ಸಿಮ್ಮಾಕಸ್ 384ರಲ್ಲಿ ಚಕ್ರವರ್ತಿಗೆ ಬೇಡಿಕೊಂಡ. ದೈವದಂಥ ದೊಡ್ಡ ಗುಟ್ಟನ್ನು ಮುಟ್ಟಲು ಒಂದೇ ದಾರಿ ಸಾಲದು ಅನ್ನುವುದು ಅವನ ವಾದ. ಮಿಲಾನಿನ ಬಿಷಪ್ ಆಂಬ್ರೋಸ್ ಅಡ್ಡ ನಿಂತ. ಪೀಠ ವಾಪಸ್ ಬರಲಿಲ್ಲ. ಕೆಲವೇ ವರ್ಷಗಳಲ್ಲಿ, 391–392ರಲ್ಲಿ, ಥಿಯೊಡೋಸಿಯಸ್ ಬಲಿ, ಪೂಜೆಗಳನ್ನೇ ನಿಷೇಧಿಸಿದ. ಸಿಮ್ಮಾಕಸ್‌ನಂಥ ಪಂಡಿತನೂ ಪಗಾನುಸ್, ಅಂದರೆ ಹಳ್ಳಿಗಮಾರ! ನಮ್ಮಲ್ಲೂ ‘ಗ್ರಾಮ್ಯ’ ಅಂದರೆ ಊರಿನದು ಅನ್ನುವುದಕ್ಕಿಂತ ಒರಟು ಅನ್ನುವ ಅರ್ಥವೇ ಜಾಸ್ತಿ, ಅಲ್ವಾ?

ಗ್ರೀಕರ ಪಾಡು ಇನ್ನೂ ವಿಚಿತ್ರ. ಅಲ್ಲಿ ‘ಹೆಲೆನ್’, ಅಂದರೆ ಗ್ರೀಕ, ಅನ್ನುವ ಪದಕ್ಕೇ ಪೇಗನ್ ಅನ್ನುವ ಅರ್ಥ ಬಂತು. ಹಾಗಾಗಿ ಗ್ರೀಕ್ ಮಾತಾಡುವ ಕ್ರೈಸ್ತರು ಶತಮಾನಗಳ ಕಾಲ ತಮ್ಮನ್ನು ರೋಮನ್ನರು ಎಂದೇ ಕರೆದುಕೊಂಡರು.

ಈ ಪಟ್ಟಿಯಲ್ಲಿ ನಾವೂ ಇದ್ದೆವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನ ಜರ್ಮನ್ ಪತ್ರಿಕೆಯ ಹೆಸರಲ್ಲೇ ‘ಹೈಡನ್‌ಬೋಟೆ’ ಎಂದಿತ್ತು. ಹೈಡನ್ ಅಂದರೆ ಪೇಗನ್ನರು, ಬೋಟೆ ಅಂದರೆ ದೂತ. ಕನ್ನಡದ ಮೊದಲ ಪತ್ರಿಕೆ ತಂದ ಮೋಗ್ಲಿಂಗ್, 1894ರ ನಿಘಂಟು ಕೊಟ್ಟ ಕಿಟೆಲ್ ಇಬ್ಬರೂ ಈ ಮಿಷನ್ನಿನವರೇ. ನಮ್ಮ ಭಾಷೆಗೆ ಇಷ್ಟು ದುಡಿದವರ ಪಾಲಿಗೂ ನಮ್ಮ ಮುತ್ತಜ್ಜಂದಿರು ‘ಹೈಡನ್’ಗಳೇ.

ಪದದ ಮುಖ ಬದಲಾದದ್ದು 20ನೇ ಶತಮಾನದಲ್ಲಿ. ಬ್ರಿಟನ್ 1951ರಲ್ಲಿ ಹಳೆಯ ಮಾಟಗಾತಿ ಕಾಯ್ದೆಯನ್ನು ತೆಗೆದುಹಾಕಿತು. ಮೂರೇ ವರ್ಷಕ್ಕೆ ಜೆರಾಲ್ಡ್ ಗಾರ್ಡ್ನರ್ ತನ್ನ ಪುಸ್ತಕದಲ್ಲಿ, ಹಳೆಯ ಪೂಜೆ ಗುಟ್ಟಾಗಿ ಉಳಿದುಕೊಂಡಿದೆ ಎಂದು ಬರೆದ. ಆ ಚರಿತ್ರೆಯನ್ನು ಇವತ್ತಿನ ವಿದ್ವಾಂಸರು ಒಪ್ಪುವುದಿಲ್ಲ. ಆದರೆ ಅದರಿಂದ ‘ವಿಕ್ಕಾ’ ಎಂಬ ಹೊಸ ಪೇಗನ್ ಧರ್ಮ ಬೆಳೆಯಿತು. ಐಸ್‌ಲ್ಯಾಂಡಿನಲ್ಲಿ ಓಡಿನ್, ಥಾರ್ ದೇವರುಗಳನ್ನು ನಂಬುವ ಸಂಘ 1972ರಲ್ಲಿ ಹುಟ್ಟಿ, ಮರುವರ್ಷವೇ ಸರ್ಕಾರದ ಮಾನ್ಯತೆ ಪಡೆಯಿತು. ಅದರ ಮೊದಲ ಮುಖ್ಯಸ್ಥ ಸ್ವೆಯಿನ್‌ಬ್ಯೋರ್ನ್ ಬೆಯಿಂಟೆಯಿನ್ಸನ್ ಕುರಿ ಸಾಕುತ್ತಿದ್ದ ರೈತ, ಕವಿ. ಹಳೇ ಅರ್ಥದಲ್ಲೂ ಅಪ್ಪಟ ಪಗಾನುಸ್!

ಬೈಗುಳವನ್ನೇ ಎತ್ತಿ ಬಾವುಟ ಮಾಡಿಕೊಂಡರೂ ತೊಡಕು ಮುಗಿಯಲಿಲ್ಲ. ಓಡಿನ್, ಥಾರ್‌ರನ್ನು ಪೂಜಿಸುತ್ತಿದ್ದ ನಾರ್ಸ್ ಜನರ ಚಿಹ್ನೆಗಳನ್ನು ಬಿಳಿಯರೇ ಮೇಲು ಅನ್ನುವವರೂ ಹಚ್ಚೆ ಹಾಕಿಸಿಕೊಳ್ಳುತ್ತಾರೆ. ಹಿಂದೂಗಳೂ ಪೇಗನ್ನರೇ ಎಂದು ಹೆಮ್ಮೆಯಿಂದ ಹೇಳುವವರು ನಮ್ಮಲ್ಲಿದ್ದಾರೆ. ಗೆಳೆತನದ ಮಾತಾಗಿ ಸರಿ. ಆದರೆ ಜ್ಯೂಪಿಟರ್, ಥಾರ್, ಮಾರಮ್ಮ ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬಿದವರು ಅವರ ಭಕ್ತರಲ್ಲ, ಎದುರಾಳಿಗಳು.

ಅದಕ್ಕೇ ಪೇಗನ್ ಎಂಬ ಹೆಸರೇ ಬೇಡ ಅನ್ನುವವರೂ ಇದ್ದಾರೆ. 1998ರಲ್ಲಿ ಲಿಥುವೇನಿಯದ ವಿಲ್ನಿಯಸ್‌ನಲ್ಲಿ ಸೇರಿದ ಇಂಥ ಹಲವು ಗುಂಪುಗಳು ‘ಎಥ್ನಿಕ್ ಧರ್ಮಗಳು’ ಅನ್ನುವ ಹೆಸರಿಗೆ ಒಪ್ಪಿದವು. ತಮಾಷೆ ನೋಡಿ, ಇಂಗ್ಲಿಷಿನಲ್ಲಿ ‘ಎಥ್ನಿಕ್’ ಪದದ ಹಳೆಯ ಅರ್ಥವೂ ಪೇಗನ್ ಅಂತಲೇ. ಕನ್ನಡ ಬೈಬಲಿನ ‘ಅನ್ಯಜನರು’ ಕೂಡ ‘ಎಥ್ನಿಕ್’ನ ಗ್ರೀಕ್ ಬೇರಿನ ಪದದ ಅನುವಾದವೇ.

ಆ ಸಭೆಯಲ್ಲಿ ಮುಂದಾಳಾಗಿದ್ದ ಲಿಥುವೇನಿಯದ ‘ರೊಮುವಾ’ ಎಂಬ ಸಂಘ ಸರ್ಕಾರದ ಮಾನ್ಯತೆಗಾಗಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋಗಿ 2021ರಲ್ಲಿ ಗೆದ್ದಿತು. 2024ರ ಡಿಸೆಂಬರ್‌ನಲ್ಲಿ ಸಂಸತ್ತು ಮಾನ್ಯತೆ ಕೊಟ್ಟಿತು. ಅರ್ಜಿಯಲ್ಲಿದ್ದದ್ದು ಪ್ರಾಚೀನ ಬಾಲ್ಟಿಕ್ ಧರ್ಮದ ಸಂಘ ಎಂಬ ಹೆಸರು. ಸುದ್ದಿಯ ತಲೆಬರಹಗಳಲ್ಲಿ ಮಾತ್ರ ‘ಪೇಗನ್’ ಹಾಗೇ ಉಳಿಯಿತು.