ಮುಗಿದ ಕೇಸೆಂದು ಎನ್-400ಕ್ಕೆ ಸಹಿ ಹಾಕುವ ಮೊದಲು

ಕೆಲವು ತಿಂಗಳ ಹಿಂದೆ ಕನ್ನಡಿಗರೊಬ್ಬರು ಅಮೆರಿಕದ ಪೌರತ್ವದ ಅರ್ಜಿಯಾದ ಎನ್-400 ಅನ್ನು ಪೂರ್ತಿ ತುಂಬಿಕೊಂಡು ನನ್ನ ಕಚೇರಿಗೆ ಬಂದರು. ಸಹಿಯೊಂದೇ ಬಾಕಿಯಿದೆ, ಒಮ್ಮೆ ಕಣ್ಣಾಡಿಸಿ ಕೊಟ್ಟರೆ ಸಾಕು ಎಂದರು. ಅವರ ಗುರುತು ಸಿಗದಂತೆ ಇಲ್ಲಿ ವಿವರಗಳನ್ನು ಬದಲಿಸಿದ್ದೇನೆ. ಗ್ರೀನ್ ಕಾರ್ಡ್ ಬಂದು ಹದಿನೆಂಟು ವರ್ಷವಾಗಿದ್ದ ಅವರಿಗೆ ಸ್ವಂತ ಮನೆಯಿದೆ, ಕಾಲೇಜು ಓದುತ್ತಿರುವ ಮಗಳಿದ್ದಾಳೆ. ಎಂದಾದರೂ ಬಂಧನಕ್ಕೊಳಗಾಗಿದ್ದಿರಾ ಎಂಬ ಪ್ರಶ್ನೆಯ ಮುಂದೆ ‘ಇಲ್ಲ’ ಎಂದು ಗುರುತು ಹಾಕಿದ್ದರು. ಅದನ್ನೇ ಬಾಯಿಬಿಟ್ಟು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಂದು ಸಣ್ಣ ಕೇಸ್ ಆಗಿತ್ತು ಮೇಡಂ, ಆದರೆ ಅದು ಆಗಲೇ ಮುಗಿದುಹೋಯ್ತು. ಒಂದು ದಿನವೂ ಜೈಲಿಗೆ ಹೋಗಲಿಲ್ಲ. ರೆಕಾರ್ಡ್ ಕೂಡ ಕ್ಲಿಯರ್ ಆಗಿದೆ ಅಂತ ಲಾಯರ್ ಹೇಳಿದ್ರು,” ಎಂದರು.

ಅವರು ಸುಳ್ಳು ಹೇಳುತ್ತಿರಲಿಲ್ಲ. ರಾಜ್ಯದ ಕ್ರಿಮಿನಲ್ ನ್ಯಾಯಾಲಯದ ಮಟ್ಟಿಗೆ ಆ ಪ್ರಕರಣ ನಿಜವಾಗಿಯೂ ಮುಗಿದಿತ್ತು. ಆದರೆ ವಲಸೆ ಕಾನೂನು ಒಕ್ಕೂಟದ ಕಾನೂನು. ‘ಶಿಕ್ಷೆಯಾಗಿದೆ’ ಎಂಬ ಮಾತಿಗೆ ಅದು 1996ರ ತಿದ್ದುಪಡಿಯಲ್ಲಿ ತನ್ನದೇ ಅರ್ಥವನ್ನು ಕೊಟ್ಟುಕೊಂಡಿದೆ. ಆರೋಪಿ ತಪ್ಪೊಪ್ಪಿಕೊಂಡು, ನ್ಯಾಯಾಧೀಶರು ದಂಡವನ್ನೋ ಪ್ರೊಬೇಷನ್ ಎಂಬ ಷರತ್ತುಬದ್ಧ ನಿಗಾವನ್ನೋ ವಿಧಿಸಿದರೆ, ಷರತ್ತು ಪಾಲಿಸಿದ ಮೇಲೆ ರಾಜ್ಯವು ಕೇಸನ್ನು ವಜಾ ಮಾಡಿದರೂ ವಲಸೆ ಇಲಾಖೆಯ ಕಣ್ಣಿನಲ್ಲಿ ಅದು ಶಿಕ್ಷೆಯಾಗಿಯೇ ಉಳಿಯುತ್ತದೆ. ದಾಖಲೆಯನ್ನು ಅಳಿಸಿಹಾಕುವ ಎಕ್ಸ್‌ಪಂಜ್‌ಮೆಂಟ್‌ಗೂ ಸಾಮಾನ್ಯವಾಗಿ ಇದೇ ಗತಿ. ನೌಕರಿಗೆ ಅರ್ಜಿ ಹಾಕುವಾಗ ನೆರವಾಗುವ ಆ ಆದೇಶ ಪೌರತ್ವದ ಸಂದರ್ಶನದಲ್ಲಿ ನೆರವಿಗೆ ಬರುವುದಿಲ್ಲ, ಏಕೆಂದರೆ ಅರ್ಜಿದಾರರ ಬೆರಳಚ್ಚನ್ನು ಎಫ್‌ಬಿಐ ಕಡತಗಳೊಂದಿಗೆ ಹೋಲಿಸಿ ನೋಡಿದ ನಂತರವೇ ಅಧಿಕಾರಿ ಎದುರಿಗೆ ಕೂರುತ್ತಾರೆ.

ನ್ಯಾಯಾಲಯದ ಗುಮಾಸ್ತರಿಂದ ತೀರ್ಪಿನ ದೃಢೀಕೃತ ಪ್ರತಿಯನ್ನು ತರಿಸಿದೆವು. ಅಂಗಡಿಯೊಂದರಲ್ಲಿ ಸಾಮಾನು ಕದ್ದ ಆರೋಪ, ತಪ್ಪೊಪ್ಪಿಗೆ, ಕೆಳಗೆ ಶಿಕ್ಷೆಯ ಸಾಲು: 365 ದಿನ ಜೈಲು, 365 ದಿನವೂ ಅಮಾನತು. ನನ್ನ ವೃತ್ತಿಯಲ್ಲಿ ನಾನು ಅತಿ ಹೆಚ್ಚು ಭಯಪಡುವ ಸಾಲು ಇದು. ಕಳ್ಳತನದ ಅಪರಾಧಕ್ಕೆ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆ ವಿಧಿಸಿದ್ದರೆ ವಲಸೆ ಕಾನೂನು ಅದನ್ನು ‘ಅಗ್ರವೇಟೆಡ್ ಫೆಲೊನಿ’ ಎಂಬ ಅತಿ ಗಂಭೀರ ಅಪರಾಧಗಳ ಪಟ್ಟಿಗೆ ಸೇರಿಸುತ್ತದೆ, ಶಿಕ್ಷೆಯನ್ನು ಅನುಭವಿಸಿದ್ದರೂ ಅಮಾನತಿನಲ್ಲಿಟ್ಟಿದ್ದರೂ ಲೆಕ್ಕ ಒಂದೇ. ರಾಜ್ಯದ ಕಾನೂನು ಅದನ್ನು ಮಿಸ್‌ಡಿಮೀನರ್ ಎಂಬ ಸಣ್ಣ ಅಪರಾಧವೆಂದು ಕರೆದಿದ್ದರೂ ಅಷ್ಟೇ. 1990ರ ನವೆಂಬರ್ 29ರಂದು ಅಥವಾ ಆನಂತರ ಇಂಥ ಶಿಕ್ಷೆಯಾದವರಿಗೆ ಪೌರತ್ವದ ಬಾಗಿಲು ಐದು ವರ್ಷಕ್ಕಲ್ಲ, ಶಾಶ್ವತವಾಗಿ ಮುಚ್ಚುತ್ತದೆ. ಅದೇ ಕಾಗದದಲ್ಲಿ 364 ಎಂದು ಬರೆದಿದ್ದರೆ ಈ ಮನುಷ್ಯನ ಬದುಕೇ ಬೇರೆಯಾಗಿರುತ್ತಿತ್ತು. ಈ ಒಂದು ದಿನದ ಅನ್ಯಾಯವನ್ನು ಮನಗಂಡೇ ಕ್ಯಾಲಿಫೋರ್ನಿಯಾ 2015ರಿಂದ ಮತ್ತು ನ್ಯೂಯಾರ್ಕ್ 2019ರಲ್ಲಿ ಮಿಸ್‌ಡಿಮೀನರ್‌ಗಳ ಗರಿಷ್ಠ ಶಿಕ್ಷೆಯನ್ನು 364 ದಿನಕ್ಕೆ ಇಳಿಸಿದವು. ಹಾಗೆಂದು ಪ್ರತಿ ರಾಜ್ಯದ ಕಳ್ಳತನದ ಕಲಮೂ ಒಕ್ಕೂಟದ ವ್ಯಾಖ್ಯೆಯೊಳಗೆ ಬಂದೇ ಬರುತ್ತದೆ ಎಂದೇನಿಲ್ಲ. ಕಲಮಿನ ಪದಗಳನ್ನು ಒಂದೊಂದಾಗಿ ತೂಗಿ ನೋಡಬೇಕಾಗುತ್ತದೆ, ಎಷ್ಟೋ ಸಲ ಉಳಿವಿನ ದಾರಿ ಅಲ್ಲಿಯೇ ಸಿಗುತ್ತದೆ.

ಎಲ್ಲ ಹಳೆಯ ಪ್ರಕರಣಗಳೂ ಇಷ್ಟು ಕಠಿಣವಲ್ಲ. ಏಳೆಂಟು ವರ್ಷಗಳ ಹಿಂದೆ ಒಮ್ಮೆ ಕುಡಿದು ವಾಹನ ಓಡಿಸಿ ಸಿಕ್ಕಿಬಿದ್ದು, ದಂಡ ಕಟ್ಟಿ, ತರಗತಿಗಳಿಗೆ ಹೋಗಿ, ಪ್ರೊಬೇಷನ್ ಮುಗಿಸಿದವರಿಗೆ ಸಾಮಾನ್ಯವಾಗಿ ನಾನು ಧೈರ್ಯ ಹೇಳುತ್ತೇನೆ. ಅಧಿಕಾರಿ ಮುಖ್ಯವಾಗಿ ನೋಡುವುದು ಅರ್ಜಿಗೆ ಹಿಂದಿನ ಐದು ವರ್ಷಗಳ ಸನ್ನಡತೆಯನ್ನು. ಅಮೆರಿಕದ ಪೌರರನ್ನು ಮದುವೆಯಾಗಿ ಆ ಆಧಾರದ ಮೇಲೆ ಅರ್ಜಿ ಹಾಕುವವರಿಗೆ ಮೂರು ವರ್ಷ. ಅದಕ್ಕಿಂತ ಹಿಂದಿನದನ್ನು ಪರಿಗಣಿಸುವ ಅಧಿಕಾರವೂ ಅವರಿಗಿದೆ. ಆದರೆ ಆ ಐದು ಅಥವಾ ಮೂರು ವರ್ಷಗಳೊಳಗೆ ಕುಡಿದು ವಾಹನ ಓಡಿಸಿದ್ದಕ್ಕೆ ಎರಡು ಶಿಕ್ಷೆಗಳಿದ್ದರೆ, 2019ರ ಅಟಾರ್ನಿ ಜನರಲ್ ಅವರ ತೀರ್ಮಾನದ ಪ್ರಕಾರ, ಸನ್ನಡತೆ ಇಲ್ಲವೆಂದೇ ಮೊದಲು ಭಾವಿಸಲಾಗುತ್ತದೆ, ಅದು ತಪ್ಪೆಂದು ತೋರಿಸುವ ಹೊರೆ ಅರ್ಜಿದಾರರದು. ಪ್ರೊಬೇಷನ್ ನಡೆಯುತ್ತಿರುವಾಗ ಅರ್ಜಿ ಮಂಜೂರಾಗುವುದೇ ಇಲ್ಲ. 2025ರ ಆಗಸ್ಟ್‌ನಲ್ಲಿ ವಲಸೆ ಇಲಾಖೆಯಿಂದ ಬಂದ ಸೂಚನೆಯ ನಂತರ, ತಪ್ಪು ಮಾಡಿಲ್ಲ ಎನ್ನುವುದಷ್ಟೇ ಸಾಲದು. ಕುಟುಂಬದ ಹೊಣೆ, ಕಟ್ಟಿದ ತೆರಿಗೆ, ಸಮುದಾಯದ ಕೆಲಸ ಇವುಗಳಿಗೂ ಪುರಾವೆ ಒದಗಿಸುವುದು ಜಾಣತನ.

ಜನರು ಅಪಾಯವನ್ನು ತಪ್ಪಾಗಿ ಅಳೆಯುವುದು ಇನ್ನೊಂದು ಕಡೆ. ಹೆಚ್ಚೆಂದರೆ ಅರ್ಜಿ ತಿರಸ್ಕಾರವಾದೀತು, ಕಟ್ಟಿದ ಶುಲ್ಕ ಹೋದೀತು ಎಂದುಕೊಳ್ಳುತ್ತಾರೆ. ಅರ್ಜಿ ಹಾಕುವುದೆಂದರೆ ನಮ್ಮ ಇಡೀ ಚರಿತ್ರೆಯನ್ನು ನಾವಾಗಿಯೇ ಇಲಾಖೆಯ ಕೈಗೆ ಒಪ್ಪಿಸುವುದು. ಮಾದಕ ವಸ್ತು, ಕೌಟುಂಬಿಕ ಹಿಂಸೆ, ಬಂದೂಕು, ವಂಚನೆ ಅಥವಾ ಕಳ್ಳತನದ ಪ್ರಕರಣಗಳಲ್ಲಿ ಹಲವು ಗಡೀಪಾರಿಗೂ ಕಾರಣವಾಗಬಲ್ಲವು. ಆಗ ತಿರಸ್ಕಾರದ ಪತ್ರದ ಬೆನ್ನಿಗೇ ವಲಸೆ ನ್ಯಾಯಾಲಯಕ್ಕೆ ಹಾಜರಾಗುವ ನೋಟಿಸ್ ಬರುತ್ತದೆ. ಅದಕ್ಕಾಗಿ ನಾನು ಎದುರಿಗೆ ಕುಳಿತವರಿಗೆ ಪೌರತ್ವ ಸಿಗುತ್ತದೆಯೇ ಎಂಬುದಕ್ಕಿಂತ ಮೊದಲು, ಇರುವ ಗ್ರೀನ್ ಕಾರ್ಡ್ ಉಳಿಯುತ್ತದೆಯೇ ಎಂಬುದನ್ನು ನೋಡುತ್ತೇನೆ. ಊರಿಗೆ ಹೋಗಿ ಮರಳುವಾಗ ವಿಮಾನ ನಿಲ್ದಾಣದಲ್ಲೂ ಇದೇ ಪ್ರಶ್ನೆ ಎದುರಾಗಬಹುದು.

ಹಾಗಾದರೆ ‘ಇಲ್ಲ’ ಎಂದು ಬರೆದುಬಿಟ್ಟರೆ? ಅದು ಎಲ್ಲಕ್ಕಿಂತ ಕೆಟ್ಟ ದಾರಿ. ಪ್ರಮಾಣ ಮಾಡಿ ಸುಳ್ಳು ಹೇಳುವುದೇ ಸನ್ನಡತೆಗೆ ಪ್ರತ್ಯೇಕವಾದ ಅಡ್ಡಿ. ಮುಚ್ಚಿಟ್ಟ ವಿಷಯ ಕ್ಷುಲ್ಲಕವಾಗಿದ್ದರೂ ಅಡ್ಡಿಯೇ ಎಂದು 1988ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹೇಳಿದ್ದರೆ ಕ್ಷಮೆಯಾಗುತ್ತಿದ್ದ ಒಂದು ಬಂಧನವನ್ನು ಮುಚ್ಚಿಟ್ಟು ಅರ್ಜಿ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಪ್ರಶ್ನೆ ಜಗತ್ತಿನ ಯಾವುದೇ ಮೂಲೆಗೂ ಅನ್ವಯಿಸುತ್ತದೆ ಎಂಬುದನ್ನು ನಮ್ಮವರು ಬಹಳ ಸಲ ಮರೆಯುತ್ತಾರೆ. ಜಮೀನಿನ ಜಗಳದಲ್ಲೋ ಮದುವೆಯ ವ್ಯಾಜ್ಯದಲ್ಲೋ ಊರಿನ ಠಾಣೆಯಲ್ಲಿ ದಾಖಲಾದ ಎಫ್‌ಐಆರ್ ಮೇಲೆ ಪೊಲೀಸರು ಬಂಧಿಸಿದ್ದರೆ, ಕೊನೆಗೆ ಬಿ ರಿಪೋರ್ಟ್ ಹಾಕಿದ್ದರೂ ಹೈಕೋರ್ಟ್ ರದ್ದುಪಡಿಸಿದ್ದರೂ, ಅದನ್ನು ಹೇಳಿ ಆದೇಶದ ದೃಢೀಕೃತ ಪ್ರತಿಯನ್ನು ಲಗತ್ತಿಸಬೇಕು.

ಅಂದು ಬಂದವರ ಅರ್ಜಿಯನ್ನು ನಾವು ಸಲ್ಲಿಸಲಿಲ್ಲ. ತಪ್ಪೊಪ್ಪಿಗೆಯಿಂದ ಗಡೀಪಾರಾಗಬಹುದೆಂದು ಕಕ್ಷಿದಾರರಿಗೆ ಎಚ್ಚರಿಸುವುದು ಕ್ರಿಮಿನಲ್ ವಕೀಲರ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 2010ರಲ್ಲಿ ಪಡಿಲ್ಲಾ ಪ್ರಕರಣದಲ್ಲಿ ಹೇಳಿತು. ಇವರ ಕೇಸು ನಡೆದದ್ದು ಆ ತೀರ್ಪಿನ ನಂತರ. ಅಂದು ಅವರಿಗೆ ಆ ಎಚ್ಚರಿಕೆ ಸಿಕ್ಕಿತ್ತೇ ಎಂಬುದನ್ನು ಈಗ ಇನ್ನೊಬ್ಬ ವಕೀಲರು ಹಳೆಯ ಕಡತಗಳಲ್ಲಿ ಹುಡುಕುತ್ತಿದ್ದಾರೆ. ಇಂಥ ಲೋಪದ ಕಾರಣಕ್ಕೆ ತೀರ್ಪೇ ರದ್ದಾದರೆ ವಲಸೆ ಇಲಾಖೆ ಅದನ್ನು ಮಾನ್ಯ ಮಾಡುತ್ತದೆ. ಬರಿಯ ಕನಿಕರದಿಂದ ರದ್ದಾದರೆ ಮಾನ್ಯ ಮಾಡುವುದಿಲ್ಲ. ಅಲ್ಲಿಯವರೆಗೆ ದೇಶ ಬಿಟ್ಟು ಹೊರಗೆ ಹೋಗಬೇಡಿ ಎಂದು ಹೇಳಿದ್ದೇನೆ. ದಾವಣಗೆರೆಯಲ್ಲಿರುವ ತಾಯಿಯನ್ನು ನೋಡಲು ಡಿಸೆಂಬರ್‌ಗೆ ತೆಗೆದಿದ್ದ ಟಿಕೆಟನ್ನು ಅವರು ನನ್ನ ಎದುರಿಗೇ ಫೋನಿನಲ್ಲಿ ರದ್ದು ಮಾಡಿದರು.